ಅಂಬಾರಿ ಆನೆಯ ನಡಿಗೆ ನಡುವೆ ತಡೆಯುವುದಕ್ಕೆ

ನಮಸ್ಕಾರ. ದಸರಾಕ್ಕೆಂದು ಬ್ಲೆಂಡರ್ ಎಂಬ 3ಡಿ ಅನಿಮೇಷನ್ ತಂತ್ರಾಂಶದಲ್ಲಿ ಮಾಡುತ್ತಿರುವ ಅಂಬಾರಿ ಆನೆ, ಮತ್ತೆ ಮತ್ತೆ ಓಡುವ ನಡಿಗೆಯ ಪ್ರತಿ ಸುತ್ತು ಮುಗಿದಾಗಲೂ ಚೂರು ತಡೆದು ನಿಂತಂತಾಗುತ್ತದೆ, ನೆಲಕ್ಕೂರಿದ ಪಾದವೂ ಜಾರುತ್ತದೆ, ಯಾಕೆ ಅಂತ ಕೇಳಿದ್ದೀರಿ. ನೀವು ಹಾಕಿರುವ ಟೈಮ್‌ಲೈನ್ ಚಿತ್ರದಲ್ಲೇ ಕಾರಣ ಕಾಣುತ್ತಿದೆ: 1ನೇ ಫ್ರೇಮಿನ ಭಂಗಿಯೇ 48ರಲ್ಲೂ ಇದೆ. ಹಾಗಾಗಿ ಸುತ್ತು ಮತ್ತೆ ಶುರುವಾಗುವಾಗ ಒಂದೇ ಭಂಗಿ ಎರಡು ಸಲ ಬರುತ್ತದೆ. ಕೊನೆಯ ಕೀಫ್ರೇಮನ್ನು (ಭಂಗಿ ಅಥವಾ ಜಾಗವನ್ನು ಗುರುತಿಸಿಟ್ಟ ಫ್ರೇಮ್) 49ಕ್ಕೆ ಸರಿಸಿ, ಸುತ್ತು ಮುಗಿಯುವ ಎಂಡ್ ಫ್ರೇಮ್ 48ರಲ್ಲೇ ಇರಲಿ.

ಇನ್ನು ಪಾದ ಜಾರುವುದು. ಕೀಫ್ರೇಮ್‌ಗಳ ನಡುವೆ ಬ್ಲೆಂಡರ್ ತಾನಾಗಿ ಬೆಜಿಯರ್, ಅಂದರೆ ಬಾಗಿದ ಗೆರೆ, ಹಾಕುತ್ತದೆ, ಅದರಿಂದ ಆನೆ ಮುಂದೆ ಸಾಗುವ ವೇಗ ಶುರುವಿನಲ್ಲೂ ಕೊನೆಯಲ್ಲೂ ಇಳಿಯುತ್ತದೆ. ಸಾಗುವ ಕೀಫ್ರೇಮ್‌ಗಳನ್ನಷ್ಟೇ ಆಯ್ದು 'ಟಿ' ಒತ್ತಿ, ಲೀನಿಯರ್ (ನೇರ ಗೆರೆ, ಒಂದೇ ವೇಗ) ಮಾಡಿ. ಕಾಲಿನ ಕೀಫ್ರೇಮ್‌ಗಳನ್ನು ದಯವಿಟ್ಟು ಮುಟ್ಟಬೇಡಿ. ಸುಮಾರು 750 ಕಿಲೋ ಅಂಬಾರಿಯ ಭಾರ ಕಾಣಿಸುವುದೇ ಆ ಬಾಗಿದ ಗೆರೆಗಳಿಂದ. ಆಮೇಲೂ ಜಾರಿದರೆ ಒಂದು ಸುತ್ತಿಗೆ ಆನೆ ಸಾಗುವ ದೂರವನ್ನು ಹೆಜ್ಜೆಗೆ ಹೊಂದಿಸಿ ನೋಡಿ.