ಟೀಚರ್ ಜೊತೆ ಮಾತು: ಈ ವರ್ಷ ಕ್ರಿಸ್ಮಸ್ ನಕ್ಷತ್ರ ಕಟ್ಟಬೇಕಾ?

ಪ್ರಶ್ನೆ: ಟೀಚರ್, ನಾವು ಮಂಗಳೂರು ಕಡೆಯ ಕೊಂಕಣಿ ಕ್ರೈಸ್ತರು. ಬೆಂಗಳೂರಿಗೆ ಬಂದು 11 ವರ್ಷ ಆಯಿತು. ಅಕ್ಟೋಬರ್‌ನಲ್ಲಿ ನನ್ನ ಅತ್ತೆ ತೀರಿಕೊಂಡರು. ಕುಸ್ವಾರ್, ಅಂದರೆ ಕ್ರಿಸ್ಮಸ್ ತಿಂಡಿಗಳು, ಎಲ್ಲಾ ಅವರೇ ಮಾಡುತ್ತಿದ್ದರು, ನನಗೆ ಒಂದೂ ಸರಿಯಾಗಿ ಬರುವುದಿಲ್ಲ. ಸಾವಾದ ಮನೆ, ಈ ವರ್ಷ ನಕ್ಷತ್ರ ಬೇಡ, ಏನೂ ಬೇಡ ಅಂತ ಮಾವ ಹೇಳುತ್ತಾರೆ. ಏಳು ವರ್ಷದ ಮಗ ‘ಹಾಗಾದ್ರೆ ನಮ್ಮನೆಗೆ ಯೇಸು ಬರಲ್ವಾ?’ ಅಂತ ಕೇಳಿದ. ಏನು ಹೇಳುವುದೋ ತಿಳಿಯಲಿಲ್ಲ. ಮಾವ ಈಗ ಸಂಜೆ ಬಾಗಿಲು ಹಾಕಿಕೊಂಡು ಒಬ್ಬರೇ ಜಪಸರ ಹೇಳುತ್ತಾರೆ.
– ಹೆಸರು ಬೇಡ, ಬೆಂಗಳೂರು

ಉತ್ತರ: ತಂಗೀ, ನೀವು ಕೇಳಿದ್ದು ನಕ್ಷತ್ರದ ವಿಷಯ. ನನ್ನನ್ನು ಹಿಡಿದು ನಿಲ್ಲಿಸಿದ್ದು ನಿಮ್ಮ ಕೊನೆಯ ಸಾಲು.

ಜಪಸರವನ್ನು ಒಬ್ಬರೇ ಹೇಳಬಾರದು ಅಂತೇನಿಲ್ಲ. ಆದರೆ ನಮ್ಮ ಮನೆಗಳಲ್ಲಿ ಅದನ್ನು ಹೇಳುವ ರೀತಿ ನಿಮಗೆ ಗೊತ್ತಲ್ವಾ? ಒಬ್ಬರು ಮರಿಯಮ್ಮನಿಗೆ ಹೇಳುವ ‘ನಮಾನ್ ಮರಿಯೆ’ ಪ್ರಾರ್ಥನೆ ಶುರು ಮಾಡಿ ಅರ್ಧಕ್ಕೆ ನಿಲ್ಲಿಸುತ್ತಾರೆ. ಉಳಿದ ಅರ್ಧ ಬೇರೆಯವರದ್ದು. ಹೀಗೆ 50 ಮಣಿ. ಇಷ್ಟು ವರ್ಷ ನಿಮ್ಮ ಮಾವ ನಿಲ್ಲಿಸಿದ ಕೂಡಲೇ ಮುಂದಿನದನ್ನು ಹೇಳುತ್ತಿದ್ದವರು ಯಾರು? ಈಗ ಎರಡೂ ಅರ್ಧ ಅವರೇ ಹೇಳಬೇಕು.

ಇವತ್ತು ಸಂಜೆಯೇ ಬಾಗಿಲು ತಟ್ಟಿ. ಸಮಾಧಾನದ ಮಾತು ಏನೂ ಬೇಡ. ಮಗನನ್ನು ಕರೆದುಕೊಂಡು ಹೋಗಿ ಸುಮ್ನೆ ಪಕ್ಕದಲ್ಲಿ ಕುಳಿತುಕೊಳ್ಳಿ. ಅವರು ನಿಲ್ಲಿಸಿದ ಕಡೆಯಿಂದ ನೀವು ಹೇಳಿ. ಮುಗಿದ ಮೇಲೆ ಮಗ ಕೈಮುಗಿದು ಅಜ್ಜನ ಹತ್ತಿರ ಬೆಸಾಂವ್ ಕೇಳಲಿ. ಮೊಮ್ಮಗ ತಲೆ ಬಗ್ಗಿಸಿ ನಿಂತರೆ ಯಾವ ಅಜ್ಜನೂ ಕೈ ಎತ್ತಿ ಆಶೀರ್ವಾದ ಮಾಡದೆ ಇರುವುದಿಲ್ಲ.

ಇನ್ನು ನಕ್ಷತ್ರ. ಸಾವಾದ ವರ್ಷ ಹಬ್ಬ ಮಾಡಬಾರದು ಅಂತ ಚರ್ಚ್‌ನ ಕಟ್ಟಳೆ ಇಲ್ಲ. ಅದು ನಮ್ಮ ಊರಿನ ಪದ್ಧತಿ. ನನ್ನ ಊರು ಬಂಟ್ವಾಳದ ಕಡೆ. ಅಲ್ಲಿ ಸಾವಾದ ಮನೆಯವರು ಆ ವರ್ಷ ನಕ್ಷತ್ರ ಕಟ್ಟುತ್ತಿರಲಿಲ್ಲ, ಎಣ್ಣೆ ಬಾಣಲೆ ಇಡುತ್ತಿರಲಿಲ್ಲ. ನಿಮ್ಮ ಮಾವ ಅದನ್ನೇ ಪಾಲಿಸುತ್ತಿದ್ದಾರೆ. ಅವರ ಜೊತೆ ಜಗಳ ಬೇಡ. ನಕ್ಷತ್ರ ಬಿಡಿ. ಅದು ಬೀದಿಗೆ ಕಾಣಲಿ ಅಂತ ಹೊರಗೆ ಕಟ್ಟುವುದು. ಗೋದಲಿ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಬೊಂಬೆ ಜೋಡಣೆ, ಹಾಗಲ್ಲ, ಅದು ಮನೆಯ ಒಳಗಿನದು. ಗೋದಲಿ ಮಾತ್ರ ಬಿಡಬೇಡಿ.

ನಾನು ಹೀಗೆ ಹೇಳುವುದಕ್ಕೆ ಕಾರಣ ಇದೆ. ನನಗೆ ಒಂಬತ್ತು ವರ್ಷ ಇದ್ದಾಗ ನವೆಂಬರ್‌ನಲ್ಲಿ ಅಪ್ಪ ಹೋದರು. ಅಮ್ಮ ನಕ್ಷತ್ರ ಕಟ್ಟಲಿಲ್ಲ, ಕುಸ್ವಾರ್ ಮಾಡಲಿಲ್ಲ. ಆದರೆ ಡಿಸೆಂಬರ್ ಎರಡನೇ ವಾರ ಎಂದಿನ ಹಾಗೆ ತೆಂಗಿನ ಗೆರಟೆಗಳಲ್ಲಿ ಮಣ್ಣು ತುಂಬಿ ರಾಗಿ ಬಿತ್ತಿದರು. ಎರಡು ವಾರಕ್ಕೆ ಅದು ಬೆರಳುದ್ದ ಬೆಳೆಯುತ್ತದೆ. ಗೋದಲಿಗೆ ಅದೇ ಹುಲ್ಲುಗಾವಲು. ಬಾವಿಕಟ್ಟೆಯಿಂದ ಪಾಚಿ ಕಿತ್ತು ತಂದೆವು. ಮಾಡಿಗೆ ಬೈಹುಲ್ಲು.

ಬಾಲಯೇಸುವಿನ ಪುಟ್ಟ ಮೂರ್ತಿಯನ್ನು ಅಪ್ಪ ಹತ್ತಿಯಲ್ಲಿ ಸುತ್ತಿ ತಮ್ಮ ಹಳೇ ಬೀಡಿ ಡಬ್ಬದಲ್ಲಿ ಇಡುತ್ತಿದ್ದರು. 24ರ ರಾತ್ರಿ ತನಕ ಡಬ್ಬ ತೆರೆಯುವ ಹಾಗಿರಲಿಲ್ಲ. ಪೂಜೆ ಮುಗಿಸಿ ಬಂದು ಅಪ್ಪನೇ ಮೂರ್ತಿ ಮಲಗಿಸುತ್ತಿದ್ದರು. ಆ ವರ್ಷ ಅಮ್ಮ ಡಬ್ಬವನ್ನು ನನ್ನ ಕೈಗೆ ಕೊಟ್ಟರು. ಮುಚ್ಚಳ ತೆಗೆದೆ. ಹತ್ತಿಗೆಲ್ಲ ಹೊಗೆಸೊಪ್ಪಿನ ವಾಸನೆ. ಅಪ್ಪನ ಅಂಗಿಯ ವಾಸನೆ. ತುಂಬಾ ಅತ್ತೆ. ಅಮ್ಮ ತಡೆಯಲಿಲ್ಲ. ಅತ್ತು ಮುಗಿದ ಮೇಲೆ ‘ಈಗ ಮಲಗಿಸು’ ಅಂದರು.

ನಿಮ್ಮ ಮನೆಯಲ್ಲೂ ಹಾಗೇ ಮಾಡಿ. ಅತ್ತೆ ಆ ಬೊಂಬೆಗಳನ್ನು ಯಾವ ಸೀರೆ ತುಂಡಿನಲ್ಲಿ ಸುತ್ತಿ ಇಟ್ಟಿದ್ದಾರೋ ನೋಡಿ. ಮಾವನೇ ಬಿಚ್ಚಲಿ. ಬೊಂಬೆ ಸಿಗದಿದ್ದರೂ ಅಂಗಡಿಯ ದುಬಾರಿ ಸೆಟ್ ಬೇಕಾಗಿಲ್ಲ. 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬ ಊರಲ್ಲಿ ಅಸ್ಸೀಸಿಯ ಸಂತ ಫ್ರಾನ್ಸಿಸ್ ಗೋದಲಿ ಮಾಡಿದಾಗ ಇದ್ದದ್ದು ಹುಲ್ಲು, ಒಂದು ಎತ್ತು, ಒಂದು ಕತ್ತೆ.

ಮಗನಿಗೆ, ಹುಟ್ಟಿದ ಯೇಸುವನ್ನು ನೋಡಲು ಬಂದ ಮೂವರು ರಾಯರ ಕಾಣಿಕೆಯ ಕತೆ ಹೇಳಿ. ಚಿನ್ನ, ಧೂಪ, ರಕ್ತಬೋಳ. ರಕ್ತಬೋಳ ಏನು ಅಂತ ಅವನು ಕೇಳಿಯೇ ಕೇಳುತ್ತಾನೆ. ಅದೊಂದು ಮರದ ಅಂಟು, ಸುವಾಸನೆಯದ್ದು. ಯೇಸುವನ್ನು ಸಮಾಧಿ ಮಾಡುವಾಗ ನಿಕೊದೇಮ ಎಂಬಾತ ತಂದದ್ದರಲ್ಲೂ ಅದು ಇತ್ತು ಅಂತ ಬೈಬಲಿನ ಯೊವಾನ್ನನ ಶುಭಸಂದೇಶದಲ್ಲಿದೆ. ಸಾವಿನ ಮನೆಗೆ ತರುವ ವಸ್ತು ಆ ತೊಟ್ಟಿಲ ಹತ್ತಿರವೂ ಇತ್ತು. ನಿಮ್ಮ ಮಗನ ಪ್ರಶ್ನೆಗೆ ನನಗೆ ತಿಳಿದ ಉತ್ತರ ಇದೇ. ಯೇಸು ನಿಮ್ಮ ಮನೆಗೂ ಬರುತ್ತಾನೆ ಕಂದಾ ಅಂತ ಧೈರ್ಯವಾಗಿ ಹೇಳಿ.

ರಾತ್ರಿ ಪೂಜೆಯ ಗದ್ದಲ, ಹೊಸ ಬಟ್ಟೆ, ‘ಹ್ಯಾಪಿ ಕ್ರಿಸ್ಮಸ್’ ಕೂಗು ಮಾವನಿಗೆ ಕಷ್ಟವಾಗಬಹುದು. 25ರ ಬೆಳಗಿನ ಪೂಜೆಗೆ ಕರೆದುಕೊಂಡು ಹೋಗಿ. ಜನ ಕಡಿಮೆ. ಆ ವಾರದಲ್ಲಿ ಒಂದು ದಿನ ಅತ್ತೆಯ ಹೆಸರಿನಲ್ಲಿ ಪೂಜೆ ಹೇಳಿಸಿ. ಚರ್ಚ್ ಆಫೀಸಿನಲ್ಲಿ ಈಗಲೇ ಬರೆಸಿ.

ಕುಸ್ವಾರ್ ಬಗ್ಗೆ ಈ ವರ್ಷ ತಲೆ ಕೆಡಿಸಿಕೊಳ್ಳಬೇಡಿ. ಯಾರಾದರೂ ತಟ್ಟೆ ಕಳಿಸಿದರೆ ಸಂಕೋಚ ಪಡದೆ ತೆಗೆದುಕೊಳ್ಳಿ.

ಪ್ರಶ್ನೆ: ಪಕ್ಕದ ಮನೆಯ ಕ್ರಿಶ್ಚಿಯನ್ನರು ಪ್ರತಿ ವರ್ಷ ನಮಗೆ ತಿಂಡಿ ತಟ್ಟೆ ಕಳಿಸುತ್ತಾರೆ. ಈ ಸಲ ಅವರ ಮನೆಯಲ್ಲಿ ಸಾವಾಗಿದೆ. ನಾವು ತಿಂಡಿ ಕೊಟ್ಟರೆ ತಪ್ಪಾಗುತ್ತದಾ? ನಾವು ಸಸ್ಯಾಹಾರಿಗಳು. ಅವರ ಜೊತೆ ಚರ್ಚ್‌ಗೆ ಹೋಗಬಹುದಾ?
– ಗೃಹಿಣಿ, ಶಿವಮೊಗ್ಗ

ಉತ್ತರ: ದಯವಿಟ್ಟು ಕೊಡಿ. ಮೇಲಿನ ಪತ್ರ ಓದಿದಿರಲ್ಲ. ಅಪ್ಪ ಹೋದ ವರ್ಷ ನಮ್ಮ ಪಕ್ಕದ ಮನೆಯ ಅಕ್ಕ ಎಳ್ಳುಂಡೆ, ಚಕ್ಕುಲಿ ತಂದಿದ್ದರು. ಅವರೂ ಹಿಂದೂಗಳೇ. ಒಳಗೆ ಬಂದು ತಟ್ಟೆ ಇಟ್ಟು, ಅಮ್ಮನ ಜೊತೆ ಹತ್ತು ನಿಮಿಷ ಅಡುಗೆಮನೆಯಲ್ಲಿ ನೆಲದ ಮೇಲೆ ಕುಳಿತಿದ್ದರು. ಇಷ್ಟು ವರ್ಷ ಆದರೂ ಆ ಎಳ್ಳುಂಡೆ ನನಗೆ ನೆನಪಿದೆ. ನಿಮ್ಮ ಮನೆಯಲ್ಲಿ ಮಾಡುವುದನ್ನೇ ಕೊಡಿ. ಕೆಲಸದವರ ಕೈಯಲ್ಲಿ ಕಳಿಸಬೇಡಿ, ನೀವೇ ಹೋಗಿ.

ಚರ್ಚ್‌ಗೆ ಧಾರಾಳವಾಗಿ ಹೋಗಬಹುದು. ಗುರುಗಳು ಕೊಡುವ ಪರಮಪ್ರಸಾದದ ರೊಟ್ಟಿಗೆ ಜನ ಸಾಲಾಗಿ ಹೋಗುವಾಗ ಮಾತ್ರ ನಿಮ್ಮ ಜಾಗದಲ್ಲೇ ಕುಳಿತಿರಿ. ಅದು ಚರ್ಚ್‌ನಲ್ಲಿ ಅದಕ್ಕಾಗಿ ದೀಕ್ಷೆ ಪಡೆದವರಿಗೆ. ಮುಂದಿನ ವರ್ಷ ತಟ್ಟೆ ಬಂದಾಗ ನೆನಪಿರಲಿ: ಕೇಕ್‌ಗೆ, ರೋಸ್ ಕುಕ್ಕೀಸ್‌ಗೆ ಸಾಮಾನ್ಯವಾಗಿ ಮೊಟ್ಟೆ ಹಾಕುತ್ತಾರೆ. ಎಳ್ಳು, ಕಾಯಿ ತುಂಬಿದ ಕರ್ಜಿಕಾಯಿಯಂಥ ನೆವ್ರಿಯ ಹೂರಣದಲ್ಲಿ ಮೊಟ್ಟೆ ಇರುವುದಿಲ್ಲ. ಕಿಡ್ಯೊ, ಅಂದರೆ ಪುಟ್ಟ ಸುರುಳಿಯ ಕರಿದ ತಿಂಡಿ, ಮನೆಯಿಂದ ಮನೆಗೆ ಬೇರೆ. ಕೇಳಿಬಿಡಿ, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಪ್ರಶ್ನೆ: ಕ್ರಿಸ್ಮಸ್‌ಗೆ ಮುಂಚಿನ ಆಗಮನ ಕಾಲದ ನಾಲ್ಕು ಮೇಣದಬತ್ತಿಗಳಲ್ಲಿ ಒಂದು ಮಾತ್ರ ಗುಲಾಬಿ ಬಣ್ಣ ಯಾಕೆ?
– ವಿದ್ಯಾರ್ಥಿ, ಮೈಸೂರು

ಉತ್ತರ: ಉಳಿದ ಮೂರೂ ನೇರಳೆ. ಅದು ಪಶ್ಚಾತ್ತಾಪದ, ಕಾಯುವಿಕೆಯ ಬಣ್ಣ. ಮೂರನೇ ಭಾನುವಾರ ಸಂತೋಷದ ಭಾನುವಾರ, ಹಬ್ಬ ಹತ್ತಿರ ಬಂತು ಅಂತ. ಅವತ್ತು ಗುಲಾಬಿ ಬತ್ತಿ. ಗುರುಗಳು ಗುಲಾಬಿ ವಸ್ತ್ರ ಹಾಕುವುದೂ ಉಂಟು.

ಪ್ರಶ್ನೆ: ಹೊಸ ರೋಸ್ ಕುಕ್ಕೀಸ್ ಅಚ್ಚು ತಂದೆ. ಹಿಟ್ಟು ಅಚ್ಚನ್ನು ಬಿಡುವುದೇ ಇಲ್ಲ.
– ಹೊಸ ಸೊಸೆ, ಉಡುಪಿ

ಉತ್ತರ: ಹೊಸ ಅಚ್ಚನ್ನು ತೊಳೆದು ಒರೆಸಿ ಒಂದು ರಾತ್ರಿ ಎಣ್ಣೆಯಲ್ಲಿ ಮುಳುಗಿಸಿಡಿ. ಕರಿಯುವಾಗ ಮೊದಲು ಅಚ್ಚು ಎಣ್ಣೆಯಲ್ಲೇ ಚೆನ್ನಾಗಿ ಕಾಯಬೇಕು. ಹಿಟ್ಟಿಗೆ ಅದ್ದಿದಾಗ ಚುಂಯ್ ಅನ್ನಬೇಕು. ಮುಕ್ಕಾಲು ಭಾಗ ಮಾತ್ರ ಅದ್ದಿ. ಹಿಟ್ಟು ಅಚ್ಚಿನ ಮೇಲೆ ಹತ್ತಿ ಮುಚ್ಚಿಕೊಂಡರೆ ಹೂವು ಬಿಡುವುದಿಲ್ಲ. ಪ್ರತಿ ಸಲ ಅದ್ದುವ ಮೊದಲು ಅಚ್ಚನ್ನು ಮತ್ತೆ ಕಾಯಿಸಿ. ಮೊದಲ ನಾಲ್ಕೈದು ಮುರಿದೇ ಮುರಿಯುತ್ತವೆ. ಒಲೆ ಪಕ್ಕ ನಿಂತ ಮಕ್ಕಳಿಗೆ ಕೊಡಿ.