ಬಿಳಿ ಫೋನಿಗೂ ಕಪ್ಪು ಕಣ್ಣೇ ಯಾಕೆ?

ಪ್ರಶ್ನೆ: ಸರ್, ನನ್ನ ಫೋನು ಹಾಲಿನಂಥ ಬಿಳಿ. ಲೆನ್ಸುಗಳ ಸುತ್ತ ಮಾತ್ರ ಕಪ್ಪು. ಅಕ್ಕನ ನೀಲಿ ಫೋನಿನಲ್ಲೂ ಹಾಗೇ. ಇದು ಬರೀ ಅಂದಕ್ಕೋ, ಬೇರೆ ಕಾರಣ ಇದೆಯೋ?
– ಪಿಯುಸಿ ವಿದ್ಯಾರ್ಥಿನಿ, ತಿಪಟೂರು

ಉತ್ತರ: ಅಂದವೂ ಇದೆಯಮ್ಮ, ಆದರೆ ಅದು ಆಮೇಲಿನ ಮಾತು. ಲೆನ್ಸಿಗೆ ಬೇಕಾದ್ದು ಎದುರಿನ ದೃಶ್ಯದ ಬೆಳಕು ಮಾತ್ರ. ಪಕ್ಕದಿಂದ ನುಸುಳಿದ್ದು ಒಳಗೆ ಅಲ್ಲಿ ಇಲ್ಲಿ ಬಡಿದು, ಬೆಳಕನ್ನು ಚಿತ್ರವಾಗಿಸುವ ಸೆನ್ಸರ್ ಮೇಲೆ ಬಿದ್ದರೆ ಫೋಟೊದ ಕಪ್ಪೆಲ್ಲ ಬೂದು ಬಣ್ಣಕ್ಕೆ ತಿರುಗುತ್ತದೆ, ಮೇಲೆ ನೀರು ಮಜ್ಜಿಗೆ ಚೆಲ್ಲಿದ ಹಾಗೆ.

ನಾನು 22 ವರ್ಷ ಸ್ಟುಡಿಯೋ ನಡೆಸಿದವನು. ಅದಕ್ಕೂ ಮೊದಲು ಕೆಲಸ ಕಲಿಯುವಾಗ, ಹಳೇ ಲೆನ್ಸಿನ ಅಂಚಿನ ಕಪ್ಪು ಕಿತ್ತುಬಂದರೆ ತೆಳು ಬ್ರಶ್ಶಿನಲ್ಲಿ ಮತ್ತೆ ಇಂಕು ಹಚ್ಚುವುದು ನನ್ನ ಪಾಲಿಗೆ ಬರುತ್ತಿತ್ತು. ಅದೇ ವಿದ್ಯೆ ಈಗ ನಿಮ್ಮ ಫೋನಿನೊಳಗಿದೆ. ಕಡಲೆಕಾಳಿನಷ್ಟು ಜಾಗದಲ್ಲಿ ಐದಾರು ಪುಟಾಣಿ ಪ್ಲಾಸ್ಟಿಕ್ ಲೆನ್ಸು ಒಂದರ ಹಿಂದೊಂದು ಕೂತಿರುತ್ತವೆ. ಲೇಪನವಿಲ್ಲದ ಸಾಮಾನ್ಯ ಗಾಜಾದರೆ ಒಂದೊಂದು ಮೇಲ್ಮೈಯೂ ಸುಮಾರು ಶೇ 4ರಷ್ಟು ಬೆಳಕನ್ನು ವಾಪಸ್ ಎಸೆಯುತ್ತದೆ. ಆರು ಲೆನ್ಸಿಗೆ 12 ಮೇಲ್ಮೈ, ಲೆಕ್ಕ ಹಾಕಿಕೊಳ್ಳಿ! ಅದಕ್ಕೇ ಲೇಪನ, ಅದಕ್ಕೇ ನಡುನಡುವೆ ಹೊಳಪಿಲ್ಲದ ಕಪ್ಪು ಉಂಗುರಗಳು. ನಿಮಗೆ ಕಾಣುವ ಕಪ್ಪು ಪಟ್ಟಿ ಮೇಲಿನ ಗಾಜಿನ ಒಳಮೈಗೆ ಬಳಿದದ್ದು. ಲೆನ್ಸಿನ ಬಾಯಿಯಷ್ಟು ಬಿಟ್ಟು ಉಳಿದ ದಾರಿ ಮುಚ್ಚುತ್ತದೆ, ಒಳಗಿನ ಲೋಹದ ಚೌಕಟ್ಟು ಕಾಣದಂತೆಯೂ ಮಾಡುತ್ತದೆ. ಕೆಲವು ಫೋನಿನಲ್ಲಿ ಹೊರಗಿನ ಬಳೆಗೆ ಚಿನ್ನದ ಬಣ್ಣ ಇರುತ್ತದಲ್ಲ, ಆ ಬಣ್ಣ ಬರೀ ಷೋಕಿ.

2010ರ ಜೂನ್‌ನಲ್ಲಿ ಐಫೋನ್ 4 ಕಪ್ಪು, ಬಿಳಿ ಎರಡರಲ್ಲೂ ಬರುತ್ತದೆ ಅಂದರು ಆ್ಯಪಲ್ ಕಂಪನಿಯವರು. ಕಪ್ಪು ಆ ತಿಂಗಳೇ ಅಂಗಡಿಗೆ ಬಂತು, ಬಿಳಿ ಬಂದದ್ದು 2011ರ ಏಪ್ರಿಲ್ 28ಕ್ಕೆ. ಅಂದುಕೊಂಡದ್ದಕ್ಕಿಂತ ತಯಾರಿಕೆ ಕಷ್ಟ ಅಂದಿತು ಕಂಪನಿ. ಬಿಳಿ ಮೈಯಿಂದ ಬೆಳಕು ಸೋರಿ ಫೋಟೊ ಕೆಡುತ್ತಿದೆಯಂತೆ ಎಂಬ ಸುದ್ದಿಯೂ ಆಗ ಓಡಾಡಿತ್ತು.

ನನಗೆ ಪಾಠವಾದದ್ದು ತಂಗಿಯ ಮೊಮ್ಮಗುವಿನ ನಾಮಕರಣದಲ್ಲಿ. ತೊಟ್ಟಿಲಿಗೆ ಹಾಕುವ ಹೊತ್ತಿಗೆ ಸರಿಯಾಗಿ ಕರೆಂಟು ಹೋಯಿತು. ಫೋನಿನಲ್ಲೇ ಫ್ಲ್ಯಾಶ್ ಹಾಕಿ ಹನ್ನೊಂದು ಫೋಟೊ ತೆಗೆದೆ. ಹನ್ನೊಂದರಲ್ಲೂ ಬಲಗಡೆಯಿಂದ ಬೆಳ್ಳಗೆ ಮಂಜು, ಮಗು ಇರಲಿ, ತೊಟ್ಟಿಲೇ ಕಾಣುವುದಿಲ್ಲ. ಸ್ಟುಡಿಯೋದವನಂತೆ, ನೋಡು ಎಂದು ಭಾವ ನಕ್ಕರು. ಹಿಂದಿನ ವಾರ ಫುಟ್‌ಪಾತಿನಲ್ಲಿ ಕೊಂಡ ಬಿಳಿ ಕವರಿನ ಕೆಲಸ ಅದು. ಕ್ಯಾಮೆರಾಗೆಂದು ಕೊರೆದ ತೂತಿನ ದಪ್ಪ ಅಂಚು ಲೆನ್ಸಿಗಿಂತ ಮೇಲೆದ್ದಿತ್ತು. ಫ್ಲ್ಯಾಶ್ ಅದಕ್ಕೆ ಬಡಿದು ನೇರ ಲೆನ್ಸಿಗೇ ಚದುರುತ್ತಿತ್ತು.

ನೀವೂ ರಾತ್ರಿ ದೀಪ ಆರಿಸಿ, ಫ್ಲ್ಯಾಶ್ ಆನ್ ಮಾಡಿ, ಕವರ್ ಹಾಕಿ ಒಂದು, ತೆಗೆದು ಒಂದು ಫೋಟೊ ಹೊಡೆದು ನೋಡಿ. ವ್ಯತ್ಯಾಸ ಕಂಡರೆ ಕವರನ್ನು ಫೋನಿನಿಂದ ಬಿಚ್ಚಿ, ತೂತಿನ ಒಳ ಅಂಚಿಗೆ ಕಪ್ಪು ಮಾರ್ಕರ್ ಹಚ್ಚಿ, ಒಣಗಿದ ಮೇಲೆ ಹಾಕಿಕೊಳ್ಳಿ. ನಾನು ಮಾಡಿದ್ದೂ ಅದೇ. ಕವರಿಗೆ ಕಾಡಿಗೆ ತೀಡಿದ್ದೀರಾ ಎಂದಳು ಮನೆಯವಳು. ಎರಡು ತಿಂಗಳಿಗೆ ಅಳಿಸಿಹೋಗುತ್ತದೆ, ಮತ್ತೆ ತೀಡುತ್ತೇನೆ.