ದಣಿಸಿದರೂ ಮಲಗದ ಕಾಲುಗಳು: ಒಂದು ಆಪ್ತಸಲಹೆ ಪ್ರಕರಣ

ಈ ಪ್ರಕರಣವನ್ನು ಸಂಬಂಧಪಟ್ಟವರ ಒಪ್ಪಿಗೆ ಪಡೆದು, ಅವರ ಗುರುತು ಹತ್ತದಂತೆ ವಯಸ್ಸು, ಉದ್ಯೋಗ ಮತ್ತು ಮನೆಯ ಕೆಲವು ವಿವರಗಳನ್ನು ಬದಲಿಸಿ ಬರೆದಿದ್ದೇನೆ.

ನನ್ನ ಬಳಿ ಸಲಹೆಗೆ ಬಂದ ಆ ಮಹಿಳೆಗೆ 46 ವರ್ಷ. ದಿನದ ಬಹುಪಾಲು ಕುಳಿತೇ ಮಾಡುವ ಕೆಲಸ. ರಾತ್ರಿ ನಿದ್ದೆಯಿಲ್ಲ, ಹಗಲು ಸಿಡಿಮಿಡಿ, ಎಲ್ಲಕ್ಕೂ ಆತಂಕವೇ ಕಾರಣವಿರಬೇಕು ಎಂದು ತಾವೇ ನಿರ್ಧರಿಸಿಕೊಂಡು ಬಂದಿದ್ದರು. ನಾನೂ ಮೊದಲ ಭೇಟಿಯಲ್ಲಿ ಆ ಮಾತನ್ನು ಹೆಚ್ಚು ಪ್ರಶ್ನಿಸದೆ ಒಪ್ಪಿಕೊಂಡೆ. ಒರಗು ಕುರ್ಚಿಯಲ್ಲಿ ಅಲುಗಾಡದೆ ಮಲಗಿ ಪಾದದಿಂದ ತಲೆಯವರೆಗೆ ಒಂದೊಂದೇ ಅಂಗವನ್ನು ಸಡಿಲಿಸುವ ವಿಶ್ರಾಂತಿ ಅಭ್ಯಾಸವನ್ನು ಮಾಡಿಸತೊಡಗಿದೆ. ಐದು ನಿಮಿಷ ಕಳೆಯುವಷ್ಟರಲ್ಲಿ ಅವರು ಎದ್ದು ನಿಂತು, "ಕ್ಷಮಿಸಿ ಮೇಡಂ, ನನ್ನಿಂದ ಆಗುತ್ತಿಲ್ಲ. ಕಾಲು ಆಡಿಸದಿದ್ದರೆ ಹುಚ್ಚು ಹಿಡಿದಂತಾಗುತ್ತದೆ" ಎಂದರು. ಸುಮ್ಮನೆ ಮಲಗಿದರೆ ಆತಂಕವುಳ್ಳವರಿಗೂ ಕೆಲವೊಮ್ಮೆ ಕಸಿವಿಸಿಯಾಗುವುದುಂಟು. ಆದರೆ ಇವರ ಕಸಿವಿಸಿ ಎದೆಯಲ್ಲಿ ಇರಲಿಲ್ಲ, ಯೋಚನೆಯಲ್ಲೂ ಇರಲಿಲ್ಲ. ಅದು ಮೊಣಕಾಲಿನ ಕೆಳಗಿತ್ತು. ನಾಲ್ಕು ಹೆಜ್ಜೆ ನಡೆದೊಡನೆ ಮುಖ ತಿಳಿಯಾಯಿತು.

ಅಲ್ಲಿಂದ ನಾನು ಮತ್ತೆ ಮೊದಲಿನಿಂದ ಕೇಳತೊಡಗಿದೆ. ಕಾಲಿನಲ್ಲಿ ಏನಾಗುತ್ತದೆ ಎಂದಾಗ, ನೋವಲ್ಲ, ಜೋಮು ಹಿಡಿದಂತೆಯೂ ಅಲ್ಲ, ಮೂಳೆಯೊಳಗೆ ಸೋಡಾ ಉಕ್ಕಿದ ಹಾಗೆ ಎಂದರು. ಕೂತಾಗ ಅಥವಾ ಮಲಗಿದಾಗ ಶುರುವಾಗುತ್ತದೆ, ಆಡಿಸಿದರೆ ಅಥವಾ ನಡೆದರೆ ಆ ಹೊತ್ತಿಗೆ ಶಮನವಾಗುತ್ತದೆ, ಬೆಳಿಗ್ಗೆ ಇರುವುದಿಲ್ಲ, ಸಂಜೆ ಇಳಿದ ಮೇಲೆ ಏರುತ್ತದೆ. ಮಾಂಸಖಂಡ ಗಂಟುಕಟ್ಟಿ ಹಿಡಿದುಕೊಳ್ಳುವ ಸೆಳೆತವಾಗಲಿ, ಒಂದೇ ಭಂಗಿಯಲ್ಲಿ ಕೂತದ್ದರ ಬೇನೆಯಾಗಲಿ ಇದಲ್ಲ ಎಂಬುದೂ ಮಾತಿನಿಂದ ಸ್ಪಷ್ಟವಾಯಿತು. ಚಡಪಡಿಸುವ ಕಾಲುಗಳ ತೊಂದರೆ, ಅಂದರೆ ರೆಸ್ಟ್‌ಲೆಸ್ ಲೆಗ್ಸ್ ಸಿಂಡ್ರೋಮ್ ಅನ್ನು ಗುರುತಿಸಲು ವೈದ್ಯರು ನೋಡುವ ಲಕ್ಷಣಗಳೂ ಇವೇ. ರೋಗನಿರ್ಣಯ ನನ್ನ ಕೆಲಸವಲ್ಲವೆಂದು ಹೇಳಿಯೇ ಈ ಹೆಸರನ್ನು ಅವರ ಮುಂದಿಟ್ಟೆ. 1672ರಲ್ಲೇ ಥಾಮಸ್ ವಿಲ್ಲಿಸ್ ಎಂಬ ವೈದ್ಯರು ಇದನ್ನು ವರ್ಣಿಸಿದ್ದರು, ಸ್ವೀಡನ್ನಿನ ನರರೋಗ ತಜ್ಞ ಕಾರ್ಲ್ ಎಕ್ಬೊಮ್ 1945ರಲ್ಲಿ ಇದರ ಬಗ್ಗೆ ವಿವರವಾಗಿ ಬರೆದರು ಎಂದು ತಿಳಿಸಿದಾಗ ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ನನ್ನ ಅಮ್ಮನೂ ರಾತ್ರಿಯೆಲ್ಲ ಹೀಗೇ ಓಡಾಡುತ್ತಿದ್ದರು. ಚಿಂತೆಗೆ ಹಾಗೆ ಮಾಡುತ್ತಾರೆ ಅಂದುಕೊಂಡಿದ್ದೆವು" ಎಂದರು. ಈ ತೊಂದರೆ ಎಷ್ಟೋ ಕುಟುಂಬಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಬರುತ್ತದೆ.

ಅವರು ತಾವಾಗಿಯೇ ಕಂಡುಕೊಂಡಿದ್ದ ಎರಡು ಉಪಾಯಗಳನ್ನು ಇಲ್ಲಿ ವಿವರವಾಗಿ ಹೇಳಬೇಕು, ಏಕೆಂದರೆ ಎರಡೂ ಕೇಳಲು ಸರಿಯೆನಿಸುತ್ತವೆ, ಎರಡೂ ತೊಂದರೆಯನ್ನು ಹೆಚ್ಚಿಸುತ್ತಿದ್ದವು. ಮೊದಲನೆಯದು, ಕಾಲನ್ನು ಚೆನ್ನಾಗಿ ದಣಿಸಿದರೆ ಅದು ತಾನಾಗಿ ಸುಮ್ಮನಾಗುತ್ತದೆ ಎಂಬ ನಂಬಿಕೆ. ಇಡೀ ದಿನ ಕೂತಿದ್ದು ರಾತ್ರಿ ಹತ್ತರ ನಂತರ ಮುಕ್ಕಾಲು ಗಂಟೆ ಹಗ್ಗದಾಟ ಮತ್ತು ಬಸ್ಕಿ ಮಾಡುತ್ತಿದ್ದರು. ಅಂಥ ರಾತ್ರಿಗಳಲ್ಲೇ ಅವರು ಎರಡು ಗಂಟೆಯವರೆಗೆ ಮನೆಯಲ್ಲಿ ನಡೆದಾಡುತ್ತಿದ್ದರು. ಎರಡನೆಯದು, ಮಂಪರು ಬರಲೆಂದು ನುಂಗುತ್ತಿದ್ದ ನೆಗಡಿಯ ಮಾತ್ರೆ. ಅಂಥ ಮಾತ್ರೆಗಳಲ್ಲಿರುವ, ಮಂಪರು ತರುವ ಆಂಟಿಹಿಸ್ಟಮಿನ್ ಔಷಧಗಳು ಈ ಚಡಪಡಿಕೆಯನ್ನು ಕೆರಳಿಸಬಲ್ಲವು. ವಾಂತಿ ತಡೆಯುವ ಕೆಲವು ಮಾತ್ರೆಗಳು, ಖಿನ್ನತೆಗೆ ಕೊಡುವ ಕೆಲವು ಔಷಧಗಳೂ ಹಾಗೆಯೇ. ನೆಗಡಿಯ ಮಾತ್ರೆ ಅವರು ತಾವೇ ಕೊಂಡದ್ದಾದ್ದರಿಂದ ಅದನ್ನು ನಿಲ್ಲಿಸಲು ಹೇಳಿದೆ. ವೈದ್ಯರು ಬರೆದುಕೊಟ್ಟ ಔಷಧವಾಗಿದ್ದರೆ ಅವರನ್ನು ಕೇಳದೆ ಬಿಡಬಾರದು.

ಕಾಲು ನೀವುವುದನ್ನು ಕಲಿಸುವ ಮೊದಲು ಅವರನ್ನು ವೈದ್ಯರ ಬಳಿಗೆ ಕಳಿಸಿದೆ. ಈ ಕ್ರಮವನ್ನು ನಾನು ಯಾರಿಗೂ ಸಡಿಲಿಸುವುದಿಲ್ಲ. ಗರ್ಭಾವಸ್ಥೆ, ಮೂತ್ರಪಿಂಡದ ವೈಫಲ್ಯ, ಎಲ್ಲಕ್ಕಿಂತ ಹೆಚ್ಚಾಗಿ ಕಬ್ಬಿಣಾಂಶದ ಕೊರತೆ ಈ ತೊಂದರೆಯ ಹಿಂದಿರಬಹುದು. ಚಲನೆಯನ್ನು ಹತೋಟಿಯಲ್ಲಿಡಲು ನೆರವಾಗುವ ಡೋಪಮಿನ್ ಎಂಬ ರಾಸಾಯನಿಕ ಮಿದುಳಿನಲ್ಲಿ ತಯಾರಾಗಲು ಕಬ್ಬಿಣ ಬೇಕು. ಅವರ ಹಿಮೋಗ್ಲೋಬಿನ್ ಸರಿಯಾಗಿಯೇ ಇತ್ತು, ಆದರೆ ದೇಹದ ಕಬ್ಬಿಣದ ದಾಸ್ತಾನನ್ನು ತೋರಿಸುವ ಫೆರಿಟಿನ್ 18 ಇತ್ತು. ಬೇರೆಯವರಿಗೆ ಅಷ್ಟಾಗಿ ಕಾಳಜಿ ಹುಟ್ಟಿಸದ ಮಟ್ಟವೂ ಇಲ್ಲಿ ಕಡಿಮೆಯೆನಿಸುತ್ತದೆ, ಏಕೆಂದರೆ ಈ ತೊಂದರೆಯಿರುವವರಲ್ಲಿ ಫೆರಿಟಿನ್ 75ರ ಒಳಗಿದ್ದರೂ ವೈದ್ಯರು ಕಬ್ಬಿಣದ ಚಿಕಿತ್ಸೆಯನ್ನು ಯೋಚಿಸುತ್ತಾರೆ. ಪರೀಕ್ಷೆಯಿಲ್ಲದೆ ಕಬ್ಬಿಣದ ಮಾತ್ರೆ ನುಂಗುವುದು ಅಪಾಯ. ಅದು ಮೈಯಲ್ಲಿ ಹೆಚ್ಚಾದರೆ ಯಕೃತ್ತಿಗೆ ಹಾನಿಯಾಗಬಹುದು. ಇವರಿಗೆ ವೈದ್ಯರೇ ಮಾತ್ರೆ ಬರೆದು, ಚಹಾ ಕಾಫಿಯ ಜೊತೆ ತೆಗೆದುಕೊಳ್ಳದಂತೆ ಹೇಳಿ ಕಳಿಸಿದರು.

ಇನ್ನು ಕಾಲುಗಳ ವಿಷಯ. ಚಡಪಡಿಕೆ ಶುರುವಾದ ಮೇಲೆ ಅದರೊಂದಿಗೆ ಹೋರಾಡುವುದಕ್ಕಿಂತ ಅದು ಬರುವ ಹೊತ್ತಿಗೆ ಮುಂಚೆಯೇ ಕಾಲನ್ನು ವಿಚಾರಿಸಿಕೊಳ್ಳಿ ಎಂದು ನಾನು ಅವರಿಗೆ ಹೇಳಿದೆ. ಮಲಗುವುದಕ್ಕೆ ಅರ್ಧ ಗಂಟೆ ಮೊದಲು ಕುರ್ಚಿಯಲ್ಲಿ ಕೂತು, ಒಂದು ಪಾದವನ್ನು ಇನ್ನೊಂದು ತೊಡೆಯ ಮೇಲಿಟ್ಟು, ಹಿಮ್ಮಡಿಯಿಂದ ಬೆರಳುಗಳ ಕಡೆಗೆ ಅಂಗಾಲನ್ನು ಎರಡೂ ಹೆಬ್ಬೆರಳಿನಿಂದ ನಿಧಾನವಾಗಿ ಒತ್ತಬೇಕು. ಆಮೇಲೆ ಪಾದವನ್ನು ನೆಲಕ್ಕಿಳಿಸಿ, ಅಂಗೈಗೆ ಒಂದಿಷ್ಟು ಎಣ್ಣೆ ಸವರಿಕೊಂಡು, ಕಣಕಾಲಿನಿಂದ ಮೊಣಕಾಲಿನ ಕಡೆಗೆ, ಯಾವಾಗಲೂ ಕೆಳಗಿನಿಂದ ಮೇಲಕ್ಕೆ, ಇಡೀ ಅಂಗೈಯಿಂದ ನೀವಬೇಕು. ಮೀನಖಂಡವನ್ನು ಹಿಟ್ಟು ನಾದುವಂತೆ ಹಿಡಿದು, ಐದು ಎಣಿಸುವವರೆಗೆ ಒತ್ತಿ, ಬಿಟ್ಟು, ಸ್ವಲ್ಪ ಮೇಲೆ ಮತ್ತೆ ಹಿಡಿಯಬೇಕು. ಮೊಣಕಾಲಿನ ಕೆಳಗೆ ಮುಂಬದಿಯಲ್ಲಿರುವ ಮೂಳೆಯ ಮೇಲೆ ಒತ್ತಬಾರದು; ಅದರ ಹೊರಬದಿಯ ಸ್ನಾಯುವನ್ನಷ್ಟೇ ನೀವಬೇಕು. ಮೊಣಕಾಲಿನ ಹಿಂಬದಿಯ ಗುಳಿಯಲ್ಲಿ ರಕ್ತನಾಳ ಮತ್ತು ನರಗಳು ಚರ್ಮದ ಹತ್ತಿರವೇ ಇರುವುದರಿಂದ ಅಲ್ಲಿ ಬೆರಳು ಊರಬಾರದು. ಒಂದೊಂದು ಕಾಲಿಗೆ ಐದಾರು ನಿಮಿಷ ಸಾಕು. ನೋವಾಗುವಷ್ಟು ಬಲ ಹಾಕಿದರೆ ಮಲಗುವ ಹೊತ್ತಿಗೆ ಮೈ ಸಡಿಲಾಗುವ ಬದಲು ಬಿಗಿಯುತ್ತದೆ. ನೀವುವುದು ತೊಂದರೆಯನ್ನು ಬೇರುಸಹಿತ ಕೀಳುವುದಿಲ್ಲವೆಂದೂ ಅವರಿಗೆ ನೇರವಾಗಿ ತಿಳಿಸಿದೆ. ಸ್ಪರ್ಶ ಮತ್ತು ಒತ್ತಡ ಕಾಲಿಗೆ ಬೇರೊಂದು ಸಂವೇದನೆ ಕೊಟ್ಟು, ನಿದ್ದೆ ಹತ್ತುವಷ್ಟು ಬಿಡುವು ಒದಗಿಸಿದರೆ ಅದರ ಕೆಲಸವಾದಂತೆ.

ವ್ಯಾಯಾಮವನ್ನು ನಿಲ್ಲಿಸಲಿಲ್ಲ, ಅದರ ಹೊತ್ತನ್ನೂ ಅಳತೆಯನ್ನೂ ಬದಲಿಸಿದೆವು. ವಾರಕ್ಕೆ ಮೂರು ದಿನ, ಸಂಜೆ ಆರರೊಳಗೆ ಮುಗಿಯುವಂತೆ, ಅರ್ಧ ಗಂಟೆ ಚುರುಕು ನಡಿಗೆ. ಬಳಿಕ ಕೈ ಊರದೆ ಕುರ್ಚಿಯಿಂದ ಎದ್ದು ಕೂರುವುದು ಹತ್ತು ಬಾರಿ, ಗೋಡೆ ಹಿಡಿದು ಹಿಮ್ಮಡಿ ಎತ್ತುವುದು ಹತ್ತು ಬಾರಿ. 2006ರಲ್ಲಿ ಪ್ರಕಟವಾದ ಒಂದು ಚಿಕ್ಕ ಅಧ್ಯಯನದಲ್ಲಿ ವಾರಕ್ಕೆ ಮೂರು ದಿನದಂತೆ 12 ವಾರ ನಡಿಗೆ ಮತ್ತು ಕಾಲಿನ ಬಲವರ್ಧನೆ ಮಾಡಿದವರಲ್ಲಿ ಚಡಪಡಿಕೆ ಗಮನಾರ್ಹವಾಗಿ ತಗ್ಗಿತ್ತು. ಆದ್ದರಿಂದಲೇ ಎರಡು ವಾರಕ್ಕೆ ಫಲ ಕಾಣಲಿಲ್ಲವೆಂದು ಬಿಡಬೇಡಿ ಎಂದೆ. ಉಳಿದ ದಿನಗಳಲ್ಲಿ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆಯುವುದು, ಮಲಗುವ ಮುನ್ನ ಗೋಡೆಗೆ ಕೈಯಿಟ್ಟು ಮೀನಖಂಡವನ್ನು ಅರ್ಧ ನಿಮಿಷ ಎಳೆದು ನಿಲ್ಲುವುದು, ಇಷ್ಟೇ. ಮಧ್ಯಾಹ್ನದ ನಂತರದ ಕಾಫಿಯನ್ನು ಅವರೇ ಬಿಟ್ಟರು.

ಮೂರನೆಯ ಭೇಟಿಗೆ ಅವರ ಪತಿಯೂ ಬಂದರು. ನಿದ್ದೆಯಲ್ಲಿ ಹೆಂಡತಿಯ ಕಾಲು ಜಾಡಿಸುವುದರಿಂದ ಅವರು ಬೇರೆ ಕೋಣೆಯಲ್ಲಿ ಮಲಗತೊಡಗಿದ್ದರು. ಆಕೆ ಅದನ್ನು ಮುನಿಸೆಂದು ತಿಳಿದಿದ್ದರು. ಅರ್ಧ ನಿಮಿಷಕ್ಕೊಮ್ಮೆ ಎಂಬಂತೆ ಕಾಲು ತಾನಾಗಿ ಸೆಟೆಯುವುದು ಈ ತೊಂದರೆಯಿರುವ ಬಹುತೇಕರಲ್ಲಿ ಕಾಣುತ್ತದೆ, ಅದು ಅವರ ಇಚ್ಛೆಯಿಂದ ಆಗುವುದಲ್ಲ ಎಂದು ವಿವರಿಸಿದೆ. ಅಷ್ಟು ತಿಳಿದದ್ದರಿಂದಲೇ ಇಬ್ಬರ ನಡುವಿನ ಎಷ್ಟೋ ಬಿಗುವು ಇಳಿಯಿತು.

ಹದಿಮೂರನೆಯ ವಾರದ ಹೊತ್ತಿಗೆ, ವಾರದಲ್ಲಿ ಆರು ರಾತ್ರಿ ಇದ್ದ ತೊಂದರೆ ಎರಡಕ್ಕೆ ಇಳಿದಿತ್ತು. ಇದರಲ್ಲಿ ಕಬ್ಬಿಣದ ಪಾಲೆಷ್ಟು, ವ್ಯಾಯಾಮದ್ದೆಷ್ಟು, ಬಿಟ್ಟ ಮಾತ್ರೆಯದ್ದೆಷ್ಟು ಎಂದು ಬಿಡಿಸಿ ಹೇಳಲಾಗದು. ಕೊನೆಯ ಭೇಟಿಯಲ್ಲಿ ಅವರು ತಮ್ಮ ತಾಯಿಗೂ ಕಾಲು ನೀವುವ ಕ್ರಮವನ್ನು ಹೇಳಿಕೊಡಬಹುದೇ ಎಂದು ಕೇಳಿದರು. ತಾಯಿಯ ಕಾಲುಗಳು ಹೇಗಿವೆ ಎಂದು ವಿಚಾರಿಸಿದಾಗ, ನಾಲ್ಕು ದಿನದಿಂದ ಎಡಗಾಲು ಮಾತ್ರ ಊದಿಕೊಂಡು ಬಿಸಿಯಾಗಿದೆ ಎಂದರು. ಒಂದೇ ಕಾಲು ಹಾಗೆ ಊದಿದ್ದರೆ ಒಳಗಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು, ನೀವಿದರೆ ಆ ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋಗುವ ಅಪಾಯವಿದೆ, ಆದ್ದರಿಂದ ಅದನ್ನು ಮುಟ್ಟದೆ ಇವತ್ತೇ ಆಸ್ಪತ್ರೆಗೆ ಕರೆದೊಯ್ಯಿರಿ ಎಂದೆ. ಅವರು ನನ್ನೆದುರಿಗೇ ತಾಯಿಗೆ ಫೋನ್ ಮಾಡಿದರು.